ಮೀನಿನ ಜೀರ್ಣಶಕ್ತಿಯೂ ನಮ್ಮ ಲೆಕ್ಕಾಚಾರವೂ

ಉಣ್ಣುವುದು ಒಂದು, ಉಂಡದ್ದನ್ನು ಅರಗಿಸಿಕೊಳ್ಳುವುದು ಇನ್ನೊಂದು. ಈ ಮಾತು ಮನುಷ್ಯನಿಗೆ ಸಲ್ಲುವಂತೆಯೇ ಮೀನಿಗೂ ಸಲ್ಲುತ್ತದೆ. ಸಂಘದ ವಾರ್ಷಿಕ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಸಿಹಿಮೂತ್ರ, ಮಕ್ಕಳ ಪೋಷಣೆ ಮೊದಲಾದ ವಿಷಯಗಳನ್ನು ಕುರಿತು ವೈದ್ಯ ಮಿತ್ರರು ಬರೆಯುವುದು ವಾಡಿಕೆ. ಅವರ ಪಂಕ್ತಿಯಲ್ಲಿ ವಾಣಿಜ್ಯಶಾಸ್ತ್ರದ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನನ್ನಂಥವನು ಕುಳಿತು ಮೀನಿನ ಹೊಟ್ಟೆಯೊಳಗಿನ ವ್ಯವಹಾರವನ್ನು ವಿವರಿಸಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಾಲ ಕೊಡುವವನಿಗೆ ಒಂದು ಅಭ್ಯಾಸವಿರುತ್ತದೆ: ಒಟ್ಟು ವಹಿವಾಟನ್ನು ನೋಡಿ ಅವನು ಮರುಳಾಗುವುದಿಲ್ಲ, ನಿವ್ವಳ ಎಷ್ಟು ಉಳಿಯಿತೆಂದು ಕೇಳುತ್ತಾನೆ. ಮೀನುಗಳ ಆಹಾರದ ವಿಷಯದಲ್ಲಿ ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಸಾಕಷ್ಟು ಕೇಳುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ಕೇಳದಿರುವುದರಿಂದ ಆಗುತ್ತಿರುವ ನಷ್ಟದಲ್ಲಿ ಒಂದು ಪಾಲು ನಮ್ಮ ಕರಾವಳಿಯ ಬಡವರ ತಟ್ಟೆಯಿಂದಲೇ ಹೋಗುತ್ತಿದೆ.

ಮೀನು ಮುಟ್ಟದ ವಾಚಕರು ಇಲ್ಲಿಗೇ ಪುಟ ತಿರುವಬಾರದೆಂದು ವಿನಂತಿ. ಮುಂದೆ ಬರುವ ವಿಷಯದಲ್ಲಿ ಹುರುಳಿ, ಅವರೆ, ಸೋಯಾ ಕಾಳುಗಳಿಗೂ ಪಾತ್ರವಿದೆ.

ಕಿಣ್ವಗಳ ಕೆಲಸ

ಸಸಾರಜನಕ, ಅಂದರೆ ನಾವು ದಿನಬಳಕೆಯಲ್ಲಿ ಪ್ರೋಟೀನ್ ಎನ್ನುವ ವಸ್ತು, ನೂರಾರು ಅಮೈನೋ ಆಮ್ಲಗಳನ್ನು ಪೋಣಿಸಿದ ದೀರ್ಘವಾದ ಸರ. ಇಡೀ ಸರವು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಲಾರದು. ಅದನ್ನು ತುಂಡರಿಸಿ, ಬಿಡಿ ಮಣಿಗಳನ್ನಾಗಿ, ಇಲ್ಲವೇ ಎರಡು ಮೂರು ಮಣಿಗಳ ತುಣುಕುಗಳನ್ನಾಗಿ ಮಾಡಬೇಕು. ಈ ಕೆಲಸವನ್ನು ಮಾಡುವವು ಜೀರ್ಣಕಿಣ್ವಗಳು. ಜೀರ್ಣಕ್ರಿಯೆಯೆಂಬುದು ಬರಿಯ ಅರೆಯುವಿಕೆಯಲ್ಲ, ರಸಾಯನಿಕ ಕ್ರಿಯೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿ ಪ್ರಯೋಗಗಳಿಂದ ತೋರಿಸಿದನು. 1836ರಲ್ಲಿ ಜರ್ಮನಿಯ ಶ್ವಾನ್ ಜಠರರಸದಲ್ಲಿರುವ ಪೆಪ್ಸಿನ್ ಎಂಬ ಕಿಣ್ವವನ್ನು ಗುರುತಿಸಿದನು. ಮೇದೋಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್ನಿಗೆ ಹೆಸರಿಟ್ಟವನು ಅದೇ ದೇಶದ ಕ್ಯೂನೆ, ಅದು 1876ರಲ್ಲಿ. 1930ರಲ್ಲಿ ಅಮೆರಿಕದ ನಾರ್ಥ್ರಪ್ ಪೆಪ್ಸಿನ್ನನ್ನು ಹರಳುಗಟ್ಟಿಸಿ, ಕಿಣ್ವವೂ ಒಂದು ಸಸಾರಜನಕವೇ ಎಂಬುದನ್ನು ಸ್ಥಿರಪಡಿಸಿದನು. 1946ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅವನಿಗೂ ಪಾಲು ದೊರೆಯಿತು.

ಈ ಕಿಣ್ವಗಳಿಗೆ ಶಿಸ್ತು ಬಹಳ. ಪೆಪ್ಸಿನ್ ತೀವ್ರ ಆಮ್ಲದಲ್ಲಿ ಮಾತ್ರ ದುಡಿಯುತ್ತದೆ. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್‌ಗಳಿಗೆ ಕ್ಷಾರೀಯವಾದ ಕರುಳೇ ಬೇಕು. ತಯಾರಾದ ಗ್ರಂಥಿಯನ್ನೇ ಅವು ಜೀರ್ಣಿಸಿಬಿಡದಂತೆ ಪ್ರಕೃತಿಯು ಅವನ್ನು ನಿಷ್ಕ್ರಿಯ ರೂಪದಲ್ಲಿ ಹೊರಡಿಸುತ್ತದೆ. ಕರುಳಿಗೆ ಬಂದ ಮೇಲೆ ಅಲ್ಲಿನ ಇನ್ನೊಂದು ಕಿಣ್ವ ತಾಗಿದಾಗಲೇ ಟ್ರಿಪ್ಸಿನ್ ಎಚ್ಚರಗೊಳ್ಳುವುದು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಎರಡನೆಯ ಅಧಿಕಾರಿಯ ರುಜು ಬೀಳದೆ ಚೆಕ್ಕು ಚಲಾವಣೆಯಾಗದು.

ಹೊಟ್ಟೆಯಿಲ್ಲದ ಮೀನು

ಎಲ್ಲ ಮೀನುಗಳ ಜೀರ್ಣಾಂಗವೂ ಒಂದೇ ತೆರನಾಗಿರುತ್ತದೆಂದು ಭಾವಿಸುವುದು ಸಾಮಾನ್ಯ. ವಾಸ್ತವ ಹಾಗಿಲ್ಲ. ಹೈದರಾಬಾದಿನ ಕನ್ನಡಿಗರು ಮಾರುಕಟ್ಟೆಯಲ್ಲಿ ಜೀವಂತವಾಗಿ ಕಾಣುವ ಕೊರಮೀನನ್ನು ತೆಗೆದುಕೊಳ್ಳಿ. ಅದು ಮಾಂಸಾಹಾರಿ. ಅದಕ್ಕೆ ಸರಿಯಾದ ಜಠರವಿದೆ, ಆಮ್ಲವಿದೆ, ಪೆಪ್ಸಿನ್ ಇದೆ. ಕರುಳು ಮಾತ್ರ ಗಿಡ್ಡ. ನಮ್ಮ ಪ್ರೀತಿಯ ಬಂಗುಡೆಗೂ ಜಠರವಿದೆ. ಜಠರ ಮುಗಿದು ಕರುಳು ಆರಂಭವಾಗುವ ಸ್ಥಳದಲ್ಲಿ ಬೆರಳುಗಳಂತೆ ಜೋತುಬಿದ್ದ ಅನೇಕ ಕುರುಡು ಚೀಲಗಳಿದ್ದು, ಅವು ಜೀರ್ಣಕ್ಕೂ ಹೀರುವಿಕೆಗೂ ಹೆಚ್ಚಿನ ಜಾಗವನ್ನು ಒದಗಿಸುತ್ತವೆ. ಮನುಷ್ಯನಲ್ಲಿ ಆಮ್ಲವನ್ನು ಸುರಿಸುವ ಜೀವಕೋಶ ಬೇರೆ, ಪೆಪ್ಸಿನ್ನಿನ ಮೂಲವನ್ನು ಸುರಿಸುವ ಜೀವಕೋಶ ಬೇರೆ. ಮೀನಿನಲ್ಲಾದರೋ ಒಂದೇ ಜೀವಕೋಶ ಎರಡು ಕೆಲಸವನ್ನೂ ನಿರ್ವಹಿಸುತ್ತದೆ.

ಇನ್ನು ದೆಹಲಿ, ಮುಂಬಯಿ, ಹೈದರಾಬಾದುಗಳ ಪೇಟೆಗಳಲ್ಲಿ ರಾಶಿ ರಾಶಿಯಾಗಿ ಬಂದು ಬೀಳುವ ರೋಹು, ಕಾಟ್ಲಾ, ಮೃಗಾಲ್‌ಗಳನ್ನು ನೋಡಿ. ಗೆಂಡೆಯ ಕುಲಕ್ಕೆ ಸೇರಿದ ಈ ಮೀನುಗಳಿಗೆ ಜಠರವೇ ಇಲ್ಲ. ಆದುದರಿಂದ ಆಮ್ಲವೂ ಇಲ್ಲ, ಪೆಪ್ಸಿನ್ನೂ ಇಲ್ಲ. ಗಂಟಲಿನಲ್ಲಿರುವ ಹಲ್ಲುಗಳಿಂದ ಆಹಾರವನ್ನು ಜಜ್ಜಿ ನೇರವಾಗಿ ಕರುಳಿಗೆ ಕಳುಹಿಸುತ್ತವೆ. ರೋಹುವಿನ ಕರುಳು ಅದರ ದೇಹದ ಉದ್ದಕ್ಕಿಂತ ಹಲವು ಪಟ್ಟು ಉದ್ದವಾಗಿದ್ದು, ಸುರುಳಿ ಸುತ್ತಿಕೊಂಡು ಹೊಟ್ಟೆಯನ್ನೆಲ್ಲ ತುಂಬಿರುತ್ತದೆ. ಆ ಸುದೀರ್ಘ ಪ್ರಯಾಣದಲ್ಲಿ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಮತ್ತು ಅವುಗಳ ಸಂಗಡಿಗ ಕಿಣ್ವಗಳು ನಿಧಾನವಾಗಿ ಸಸಾರಜನಕವನ್ನು ಬಿಡಿಸುತ್ತವೆ. ತದ್ವಿರುದ್ಧವಾಗಿ, 1952ರಲ್ಲಿ ನಮ್ಮ ದೇಶಕ್ಕೆ ತರಲ್ಪಟ್ಟ ತಿಲಾಪಿಯ ಮೀನಿನ ಜಠರದಲ್ಲಿ ಎಷ್ಟು ತೀಕ್ಷ್ಣವಾದ ಆಮ್ಲವಿದೆಯೆಂದರೆ, ಪಾಚಿಯ ಜೀವಕೋಶಗಳ ಗೋಡೆಯೂ ಅದಕ್ಕೆ ಮಣಿಯುತ್ತದೆ.

ಇವೆಲ್ಲದರ ಮೇಲೆ ಹವೆಯ ಪ್ರಭಾವವೂ ಇದೆ. ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರಿನ ಉಷ್ಣತೆಯೇ ಬಹುಪಾಲು ಅದರ ದೇಹದ ಉಷ್ಣತೆ. ಚಳಿ ಬಿದ್ದಾಗ ಗೆಂಡೆಗಳ ಕಿಣ್ವಗಳ ವೇಗ ತಗ್ಗುತ್ತದೆ, ಹಸಿವೂ ತಗ್ಗುತ್ತದೆ. ಬೇಸಗೆಯ ಪ್ರಮಾಣದಲ್ಲಿಯೇ ಚಳಿಗಾಲದಲ್ಲೂ ತಿಂಡಿ ಸುರಿಯುವವನು ಮೀನನ್ನು ಸಾಕುತ್ತಿಲ್ಲ, ಕೊಳದ ತಳವನ್ನು ಸಾಕುತ್ತಿದ್ದಾನೆ. ಇನ್ನು ಸಮುದ್ರದ ಎಷ್ಟೋ ಜಾತಿಗಳ ಮರಿಗಳು ಮೊಟ್ಟೆಯೊಡೆದು ಬಂದಾಗ ಅವುಗಳ ಜಠರ ಸಿದ್ಧವಾಗಿರುವುದಿಲ್ಲ. ಎಳೆಯ ಕೂಸಿಗೆ ರೊಟ್ಟಿ ತಿನ್ನಿಸಲಾಗದಂತೆ, ಅವಕ್ಕೆ ಒಣ ಆಹಾರ ಸಾಕಾಗದು. ಸೂಕ್ಷ್ಮವಾದ ಜೀವಂತ ಆಹಾರವನ್ನೇ ಒದಗಿಸಬೇಕಾಗುತ್ತದೆ.

ಚೀಲದ ಮೇಲಿನ ಅಂಕಿ

ಇಷ್ಟು ಶರೀರಶಾಸ್ತ್ರವನ್ನು ಹೇಳಿದುದಕ್ಕೆ ಕಾರಣವಿದೆ. 1950-51ರಲ್ಲಿ ಭಾರತದ ಮೀನಿನ ಉತ್ಪಾದನೆ ಸುಮಾರು ಏಳೂವರೆ ಲಕ್ಷ ಟನ್ನುಗಳಷ್ಟಿತ್ತು. 2022-23ರಲ್ಲಿ ಅದು ಸುಮಾರು 175 ಲಕ್ಷ ಟನ್ನುಗಳನ್ನು ಮುಟ್ಟಿತು; ಅದರಲ್ಲಿ ಮುಕ್ಕಾಲು ಪಾಲು ಬಂದುದು ಸಮುದ್ರದಿಂದಲ್ಲ, ಒಳನಾಡಿನ ನೀರಿನಿಂದ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆಗಳಿಗೆ ಹಾರ್ಮೋನು ಚುಚ್ಚಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ಮರಿಗಾಗಿ ನದಿಯನ್ನು ಕಾಯುವ ಕಾಲ ಹೋಯಿತು. ಆಂಧ್ರದ ಗೋದಾವರಿ-ಕೃಷ್ಣಾ ನಡುವಣ ಬಯಲಿನಲ್ಲಿ ಭತ್ತದ ಗದ್ದೆಗಳು ಮೀನಿನ ಕೊಳಗಳಾದವು. ಅಲ್ಲಿ ಎಣ್ಣೆ ತೆಗೆದ ಅಕ್ಕಿತೌಡು, ಶೇಂಗಾ ಹಿಂಡಿಗಳನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ, ಕೊಳದಲ್ಲಿ ನೆಟ್ಟ ಗಳಗಳಿಗೆ ಕಟ್ಟುತ್ತಾರೆ. ರೋಹುಗಳು ಬಂದು ತೂತುಗಳಿಂದ ತಿನ್ನುತ್ತವೆ. ಸೇವಾವಧಿಯಲ್ಲಿ ಕೆಲವು ವರ್ಷ ಆ ಪ್ರದೇಶದಲ್ಲಿದ್ದು ಕೊಳಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಅವಕಾಶ ನನಗೆ ದೊರೆತಿತ್ತು. ಯಾವ ಅರ್ಜಿಯನ್ನು ತೆರೆದರೂ ಒಂದು ಸಂಗತಿ ಸ್ಪಷ್ಟ: ಚಾಲ್ತಿ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರದ ಬಾಬ್ತು.

ಅಷ್ಟು ಹಣ ಹೋಗುವ ಆ ಆಹಾರದ ಚೀಲದ ಮೇಲೆ ಏನು ಮುದ್ರಿತವಾಗಿರುತ್ತದೆ? ಕಚ್ಚಾ ಸಸಾರಜನಕ ಶೇಕಡಾ ಇಂತಿಷ್ಟು ಎಂದು. ಈ ಅಂಕಿ ಹುಟ್ಟುವುದು ಹೇಗೆಂದು ತಿಳಿದರೆ ವಾಚಕರಿಗೆ ಆಶ್ಚರ್ಯವಾದೀತು. 1883ರಲ್ಲಿ ಡೆನ್ಮಾರ್ಕಿನ ಕೆಲ್‌ಡಾಲ್ ಕಂಡುಹಿಡಿದ ವಿಧಾನದಂತೆ ಪದಾರ್ಥದಲ್ಲಿರುವ ಸಾರಜನಕವನ್ನು ಅಳೆದು, ಸಸಾರಜನಕದಲ್ಲಿ ನೂರಕ್ಕೆ ಹದಿನಾರು ಪಾಲು ಸಾರಜನಕವಿರುತ್ತದೆಂಬ ಲೆಕ್ಕದಿಂದ ಅದನ್ನು 6.25ರಿಂದ ಗುಣಿಸುತ್ತಾರೆ. ಸಾರಜನಕ ಎಲ್ಲಿಂದ ಬಂತೆಂದು ಆ ಲೆಕ್ಕ ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿ ಸಸಾರಜನಕ ಹೆಚ್ಚಿರುವಂತೆ ತೋರಿಸಿದ ವಂಚನೆ ನಡೆದುದು ಇದೇ ಬಾಗಿಲಿನಿಂದ. ಹಸುಗೂಸುಗಳು ಅದಕ್ಕೆ ಬಲಿಯಾದವು. ವಂಚನೆಯ ಮಾತು ಬಿಟ್ಟರೂ, ಕೋಳಿಯ ಪುಕ್ಕದಲ್ಲಿ ಶೇಕಡಾ 80ಕ್ಕೂ ಮಿಕ್ಕಿ ಸಸಾರಜನಕವಿದೆ. ಆದರೆ ಅದು ನಮ್ಮ ಉಗುರು, ಕೂದಲುಗಳ ಜಾತಿಯದು. ಒತ್ತಡದ ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಬಿಡಿಸದ ಹೊರತು ಮೀನಿನ ಯಾವ ಕಿಣ್ವಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಕಾಗದದ ಮೇಲೆ ಆಸ್ತಿ. ವಸೂಲಿಗೆ ಹೋದರೆ ಬರಿಗೈ.

ಜೀರ್ಣವಾದುದೆಷ್ಟೆಂದು ಅಳೆಯಲು ವಿಜ್ಞಾನಿಗಳು ಒಂದು ಸೊಗಸಾದ ಉಪಾಯವನ್ನು ಬಳಸುತ್ತಾರೆ. ಕ್ರೋಮಿಕ್ ಆಕ್ಸೈಡ್‌ನಂಥ, ಅರಗದೆ ಹಾಗೆಯೇ ಹೊರಬೀಳುವ ವಸ್ತುವನ್ನು ಆಹಾರದಲ್ಲಿ ಶೇಕಡಾ 1ರಷ್ಟು ಬೆರೆಸುತ್ತಾರೆ. ಮಲದಲ್ಲಿ ಅದು ಶೇಕಡಾ 4ಕ್ಕೆ ಏರಿತೆಂದರೆ, ಉಳಿದ ಆಹಾರದ ಮುಕ್ಕಾಲು ಪಾಲು ಜೀರ್ಣವಾಯಿತೆಂದು ತಿಳಿಯುತ್ತದೆ. ಗುರುತು ಹಾಕಿದ ನೋಟನ್ನು ಪೇಟೆಯಲ್ಲಿ ಬಿಟ್ಟು ಹಣ ಎಲ್ಲಿ ಹೋಯಿತೆಂದು ಪತ್ತೆಹಚ್ಚಿದಂತೆ.

ಉದಾಹರಣೆಗಾಗಿ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚೀಲದ ಆಹಾರದಲ್ಲಿ ಶೇಕಡಾ 32 ಸಸಾರಜನಕವಿದೆ, ಅದರಲ್ಲಿ ಜೀರ್ಣವಾಗುವುದು ಶೇಕಡಾ 60 ಎಂದು ಭಾವಿಸಿರಿ. ಬೆಲೆ ಕಿಲೋಗೆ 36 ರೂಪಾಯಿ. ಇನ್ನೊಂದರಲ್ಲಿ ಶೇಕಡಾ 28 ಮಾತ್ರವಿದೆ, ಆದರೆ ಶೇಕಡಾ 85 ಜೀರ್ಣವಾಗುತ್ತದೆ. ಬೆಲೆ 40 ರೂಪಾಯಿ. ಚೀಲವನ್ನು ನೋಡಿದವನು ಮೊದಲನೆಯದನ್ನೇ ಕೊಳ್ಳುವನು: ಸಸಾರಜನಕ ಹೆಚ್ಚು, ಬೆಲೆ ಕಡಮೆ. ಆದರೆ ಮೀನಿಗೆ ದಕ್ಕುವುದು ಮೊದಲನೆಯದರಲ್ಲಿ ಕಿಲೋಗೆ 192 ಗ್ರಾಂ, ಎರಡನೆಯದರಲ್ಲಿ 238 ಗ್ರಾಂ. ದಕ್ಕಿದ ಸಸಾರಜನಕದ ಬೆಲೆ ಮೊದಲನೆಯದರಲ್ಲಿ ಕಿಲೋಗೆ ಸುಮಾರು 188 ರೂಪಾಯಿ, ಎರಡನೆಯದರಲ್ಲಿ ಸುಮಾರು 168 ರೂಪಾಯಿ. ಅಗ್ಗವೆಂದು ಕೊಂಡದ್ದೇ ದುಬಾರಿಯಾಯಿತು.

ದಕ್ಕದೆ ಉಳಿದದ್ದು ಎಲ್ಲಿಗೆ ಹೋಯಿತು? ನೀರಿಗೆ. ಮಲವಾಗಿ ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಜೀರ್ಣವಾಗಿಯೂ ದೇಹಕ್ಕೆ ಹೆಚ್ಚಾದ ಸಸಾರಜನಕವನ್ನು ಮೀನು ಬಹುಮಟ್ಟಿಗೆ ಅಮೋನಿಯವಾಗಿ ಕಿವಿರುಗಳ ಮೂಲಕ ಹೊರದೂಡುತ್ತದೆ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುವ ದೃಶ್ಯವನ್ನು ಕಂಡ ಸಾಕಣೆಗಾರ ದೇವರನ್ನು ನೆನೆಯುತ್ತಾನೆ; ಕಾರಣ ಎಷ್ಟೋ ವೇಳೆ ಅವನೇ ಸುರಿದ ಚೀಲದಲ್ಲಿರುತ್ತದೆ.

ಬೂತಾಯಿಯ ಪಾಡು

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರು, ಉಡುಪಿ, ಕಾರವಾರಗಳ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರಿಗೆ ಬೂತಾಯಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಇಲ್ಲಿ ಅದನ್ನು ತಾರ್ಲಿ ಎನ್ನುತ್ತಾರೆ, ಚೆನ್ನೈಯಲ್ಲಿ ಮತ್ತಿ, ಚಾಳೆ ಎನ್ನುತ್ತಾರೆ. ಗಂಜಿಯೂಟಕ್ಕೆ ಬೂತಾಯಿಯ ಪುಳಿಮುಂಚಿ ಇದ್ದರೆ ಕೂಲಿಯವನ ಮನೆಯಲ್ಲೂ ಅಂದು ಹಬ್ಬ. ಸಮುದ್ರದ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದು, ಅದನ್ನು ಉತ್ತಮ ಸಸಾರಜನಕವನ್ನಾಗಿಯೂ ಹೃದಯಕ್ಕೆ ಹಿತವಾದ ಎಣ್ಣೆಯನ್ನಾಗಿಯೂ ಪರಿವರ್ತಿಸುವ ಈ ಪುಟ್ಟ ಮೀನು ಬಡವನ ಪಾಲಿನ ಔಷಧಾಲಯವೇ ಸರಿ.

1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ತೀರಕ್ಕೆ ಪರ್ಸೀನ್ ಬಲೆ ಬಂದು, ಊರಿಗೂರೇ ಸೇರಿ ಎಳೆಯುತ್ತಿದ್ದ ರಂಪಣಿ ಹಿಂದೆ ಸರಿಯಿತು. ಹಿಡಿಯುವ ಶಕ್ತಿ ಹೆಚ್ಚಿತು. ಹಿಡಿದುದನ್ನೆಲ್ಲ ತಿನ್ನುವ ಬಾಯಿಗಳು ಹತ್ತಿರದಲ್ಲಿರಲಿಲ್ಲ. ಮೀನುಪುಡಿಯ ಕಾರ್ಖಾನೆಗಳು ಆ ಕೊರತೆಯನ್ನು ತುಂಬಿದವು. ಒಂದು ಕಿಲೋ ಮೀನುಪುಡಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಪುಡಿ ಕೋಳಿಗೆ, ಸೀಗಡಿಗೆ, ಸಾಕುಮೀನಿಗೆ ಆಹಾರವಾಗುತ್ತದೆ. 2009ರಲ್ಲಿ ವನ್ನಾಮಿ ಸೀಗಡಿಯ ಸಾಕಣೆಗೆ ನಮ್ಮ ದೇಶದಲ್ಲಿ ಅವಕಾಶವಾದ ಮೇಲೆ ಆಹಾರದ ಬೇಡಿಕೆ ಇನ್ನಷ್ಟು ಬೆಳೆಯಿತು.

ಬೂತಾಯಿಯ ಇಳುವರಿ ಮೊದಲಿನಿಂದಲೂ ಏರಿಳಿಯುವ ಸ್ವಭಾವದ್ದು. ಸಮುದ್ರದ ಉಷ್ಣತೆ, ಮಳೆ, ಆಹಾರ ಎಲ್ಲವೂ ಅದರ ಮೇಲೆ ಪರಿಣಾಮ ಬೀರುತ್ತವೆ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ನಿನಷ್ಟಿದ್ದ ಇಳುವರಿ 2021ರಲ್ಲಿ ಮೂರು ಸಾವಿರದ ಮುನ್ನೂರು ಟನ್ನುಗಳ ಆಸುಪಾಸಿಗೆ ಕುಸಿಯಿತು. ಅನಂತರ ಚೇತರಿಸಿಕೊಂಡಿತು. ಇಂಥ ಅಸ್ಥಿರವಾದ ಬಂಡವಾಳದಿಂದ ಎಳೆಯ ಮರಿಗಳನ್ನೂ ಬಾಚಿ ಪುಡಿಮಾಡುವುದು ಅಸಲನ್ನೇ ಖರ್ಚು ಮಾಡಿದಂತೆ. 2015ರಲ್ಲಿ ಕೇರಳ ಸರಕಾರವು ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಅಳತೆಯನ್ನು ವಿಧಿಸಿದ್ದು ವಿವೇಕದ ಹೆಜ್ಜೆ.

ಜೀರ್ಣಕಿಣ್ವಗಳ ವಿಷಯ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಕೊರಮೀನಿನಂಥ ಮಾಂಸಾಹಾರಿ ಜಾತಿಗಳಿಗೆ ಶೇಕಡಾ 40ರಷ್ಟೋ ಇನ್ನೂ ಹೆಚ್ಚೋ ಸಸಾರಜನಕವುಳ್ಳ ಆಹಾರ ಬೇಕೆಂಬುದೂ, ಮರಿಗಳ ಹಂತದಲ್ಲಿ ಮೀನುಪುಡಿಯನ್ನು ಬಿಡುವುದು ಕಷ್ಟವೆಂಬುದೂ ನಿಜ. ಆದರೆ ಗೆಂಡೆಗಳಿಗೆ ಈ ರಾಜಭೋಜನ ಬೇಕಾಗಿಲ್ಲ. ಬೆಳೆಯುವ ರೋಹುವಿಗೆ ಶೇಕಡಾ 25ರಿಂದ 30ರಷ್ಟು ಸಸಾರಜನಕವಿದ್ದರೆ ಸಾಕು. ಅದರ ನೀಳವಾದ ಕರುಳು ಸಸ್ಯಮೂಲದ ಹಿಂಡಿಯನ್ನು ಚೆನ್ನಾಗಿಯೇ ಅರಗಿಸಬಲ್ಲದು. ಇನ್ನೊಂದು ಸೂಕ್ಷ್ಮವೂ ಇದೆ. ಮೀನುಪುಡಿಯಲ್ಲಿರುವ ರಂಜಕವು ಬಹುಪಾಲು ಮೂಳೆಯ ರೂಪದಲ್ಲಿರುತ್ತದೆ. ಮೂಳೆ ಕರಗಲು ಆಮ್ಲ ಬೇಕು. ಜಠರವಿಲ್ಲದ ಗೆಂಡೆ ಆ ರಂಜಕವನ್ನು ಅಲ್ಪವಾಗಿಯೇ ಬಳಸಿಕೊಳ್ಳುತ್ತದೆ. ಉಳಿದದ್ದು ನೀರು ಸೇರಿ ಪಾಚಿಯನ್ನು ಬೆಳೆಸುತ್ತದೆ. ಅಂದಮೇಲೆ ಬಡವನ ಬೂತಾಯಿಯನ್ನು ಪುಡಿಮಾಡಿ, ಅದನ್ನು ಪೂರ್ತಿ ಬಳಸಲಾರದ ಮೀನಿಗೆ ತಿನ್ನಿಸಿ, ಆ ಮೀನನ್ನು ಹೆಚ್ಚು ಬೆಲೆಗೆ ಮಾರುವುದು ಯಾವ ಅರ್ಥಶಾಸ್ತ್ರ?

ಹಿಂಡಿ, ಕಾಳು ಮತ್ತು ಅಡುಗೆಮನೆಯ ಜ್ಞಾನ

ಸಸ್ಯಮೂಲದ ಆಹಾರವೆಂದ ಕೂಡಲೇ ಎಲ್ಲವೂ ಸುಸೂತ್ರವೆಂದು ಅರ್ಥವಲ್ಲ. ಹಸಿ ಸೋಯಾ ಕಾಳಿನಲ್ಲಿ ಟ್ರಿಪ್ಸಿನ್ನಿನ ಕೈ ಕಟ್ಟಿಹಾಕುವ ಒಂದು ವಸ್ತುವಿದೆ. ಟ್ರಿಪ್ಸಿನ್ನನ್ನೇ ನಂಬಿದ ಗೆಂಡೆಗೆ ಇದು ದೊಡ್ಡ ಪೆಟ್ಟು. ಆದರೆ ಚೆನ್ನಾಗಿ ಬೇಯಿಸಿದರೆ ಆ ವಸ್ತು ಬಹುಮಟ್ಟಿಗೆ ನಾಶವಾಗುತ್ತದೆ. ಹುರುಳಿಯಲ್ಲಿಯೂ ಅವರೆಯಲ್ಲಿಯೂ ಇಂಥವೇ ವಸ್ತುಗಳಿವೆ. ನಮ್ಮ ಅಜ್ಜಿಯಂದಿರು ಹುರುಳಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿ ಬಸ್ಸಾರು ಮಾಡುತ್ತಿದ್ದುದರಲ್ಲಿ ರುಚಿಯ ಜೊತೆಗೆ ಈ ವಿವೇಕವೂ ಅಡಗಿತ್ತು. ನಗರದ ಅವಸರದಲ್ಲಿ ಕಾಳನ್ನು ಅರೆಬೇಯಿಸಿ ಉಣ್ಣುವ ಶಾಕಾಹಾರಿ ಮಿತ್ರರು ಹೊಟ್ಟೆಯುಬ್ಬರವೆಂದು ದೂರುವಾಗ ಈ ಮಾತನ್ನು ನೆನೆಯುವುದು ಒಳ್ಳೆಯದು.

ಶೇಂಗಾ ಹಿಂಡಿಯಲ್ಲಿ ಬೇರೊಂದು ಅಪಾಯವಿದೆ. ತೇವದಲ್ಲಿಟ್ಟ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರ ಸಾವಿರವಾಗಿ ಸತ್ತುದು ಇಂಥ ಶೇಂಗಾ ಹಿಂಡಿಯಿಂದ. ಈ ವಿಷ ಸಾಮಾನ್ಯ ಬೇಯಿಸುವಿಕೆಗೆ ಜಗ್ಗುವುದಿಲ್ಲ. ಆದುದರಿಂದ ಸಾಕಣೆಗಾರನಿಗೆ ಆಹಾರ ಕೊಳ್ಳಲು ಕೊಡುವ ಸಾಲದಷ್ಟೇ, ಅದನ್ನು ಒಣಗಿದ ಜಾಗದಲ್ಲಿಡುವ ಉಗ್ರಾಣಕ್ಕೆ ಕೊಡುವ ಸಾಲವೂ ಮುಖ್ಯ.

ಇತ್ತೀಚೆಗೆ ಜೀರ್ಣಕಿಣ್ವಗಳನ್ನೇ ಪುಡಿಯಾಗಿ ಮಾರುವುದು ಹೆಚ್ಚಾಗಿದೆ. ಇದರಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಸಸ್ಯಾಹಾರದಲ್ಲಿ ಬಂಧಿತವಾದ ರಂಜಕವನ್ನು ಬಿಡಿಸುವ ಫೈಟೇಸ್ ಕಿಣ್ವದ ಉಪಯೋಗ ಚೆನ್ನಾಗಿ ಸ್ಥಾಪಿತವಾಗಿದೆ. ಆದರೆ ಕಿಣ್ವವೂ ಸಸಾರಜನಕವಾದುದರಿಂದ ಹೆಚ್ಚಿನ ಶಾಖಕ್ಕೆ ಕೆಡುತ್ತದೆ. ಆಹಾರದೊಂದಿಗೆ ಕರುಳನ್ನು ಸೇರಿದರೆ ಮಾತ್ರ, ಅಲ್ಲಿನ ವಾತಾವರಣ ಒಗ್ಗಿದರೆ ಮಾತ್ರ ಅದು ದುಡಿಯುತ್ತದೆ. ಮೀನಿನ ಜೀರ್ಣಕ್ಕೆಂದು ಅದನ್ನು ಕೊಳದ ನೀರಿಗೆ ಚೆಲ್ಲಿದರೆ ಚೆಲ್ಲಿದವನ ಹಣವೇ ಕರಗುತ್ತದೆ. ಮನುಷ್ಯರ ವಿಷಯವೂ ಇಷ್ಟೆ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ವೈದ್ಯರು ಕೊಡುವ ಕಿಣ್ವದ ಗುಳಿಗೆ ನಿಜವಾದ ಔಷಧ. ಮದುವೆಯ ಊಟದಲ್ಲಿ ಮಿತಿಮೀರಿದವನು ಕುಡಿಯುವ ಪಾನಕ ಆ ಪಂಕ್ತಿಗೆ ಸೇರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಗೆ ಬದಲಾಗಿ ಯಾವ ಸೀಸೆಯೂ ಇನ್ನೂ ಬಂದಿಲ್ಲ.

ಆಕ್ಷೇಪಗಳಿಗೆ ಸಮಾಧಾನ

ಮೀನುಪುಡಿಯ ಕಾರ್ಖಾನೆಗಳು ಮುಚ್ಚಬೇಕೆಂದು ನಾನು ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಒಂದೇ ದಿನ ದೋಣಿಗಟ್ಟಲೆ ಬೂತಾಯಿ ಬಂದು ಬಿದ್ದಾಗ, ಕೊಳ್ಳುವವರಿಲ್ಲದೆ ಮೀನುಗಾರ ಕಂಗಾಲಾಗುತ್ತಾನೆ. ಆಗ ಕಾರ್ಖಾನೆ ಕೊಡುವ ದರ ಅವನ ಮನೆಯ ಒಲೆಯನ್ನು ಉರಿಸುತ್ತದೆ. ಕೆಟ್ಟುಹೋದ ಮೀನನ್ನು ತಿನ್ನಿರೆಂದು ಯಾರೂ ಹೇಳುವಂತಿಲ್ಲ. ಈ ಮಾತುಗಳಲ್ಲಿ ಸತ್ಯವಿದೆ. ಆದರೆ ಮೀನು ಕೆಡುವುದೇಕೆ? ಇಲ್ಲಿಯೂ ಕಿಣ್ವಗಳ ಕೈವಾಡವಿದೆ. ಹೊಟ್ಟೆ ತುಂಬ ತಿಂದ ಬೂತಾಯಿ ಬಲೆಗೆ ಬಿದ್ದು ಸತ್ತ ಮೇಲೂ ಅದರ ಜೀರ್ಣಕಿಣ್ವಗಳು ಸಾಯುವುದಿಲ್ಲ. ಅವು ತಮ್ಮ ಒಡೆಯನ ಹೊಟ್ಟೆಯ ಗೋಡೆಯನ್ನೇ ಜೀರ್ಣಿಸತೊಡಗುತ್ತವೆ; ಕೆಲವೇ ಗಂಟೆಗಳಲ್ಲಿ ಹೊಟ್ಟೆ ಒಡೆಯುತ್ತದೆ. ಇದನ್ನು ನಿಧಾನಿಸುವ ಉಪಾಯವೆಂದರೆ ಮಂಜುಗಡ್ಡೆ. ದೋಣಿಯಲ್ಲಿಯೇ ಸಾಕಷ್ಟು ಮಂಜುಗಡ್ಡೆ, ಬಂದರಿನಲ್ಲಿ ಶೀತಗೃಹ, ಅಲ್ಲಿಂದ ನಗರಕ್ಕೆ ತಣ್ಣನೆಯ ವಾಹನ ಇವುಗಳಿದ್ದರೆ ಕಾರ್ಖಾನೆಯ ಪಾಲಾಗುವ ಮೀನಿನಲ್ಲಿ ಒಂದು ಭಾಗವಾದರೂ ಮನುಷ್ಯರ ತಟ್ಟೆಯನ್ನು ಸೇರೀತು.

ಕಾರ್ಖಾನೆಗೆ ಕಚ್ಚಾವಸ್ತುವಾಗಿ ತಲೆ, ಮೂಳೆ, ಕರುಳುಗಳಿವೆ. ಇವನ್ನು ಅರೆದು ಶೇಕಡಾ 3ರಷ್ಟು ಫಾರ್ಮಿಕ್ ಆಮ್ಲ ಬೆರೆಸಿಟ್ಟರೆ, ಆ ಆಮ್ಲದಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಗಳು ಬೆಳೆಯಲಾರವು. ಮೀನಿನದೇ ಕಿಣ್ವಗಳು ಮಾತ್ರ ಕೆಲಸ ಮಾಡಿ ಎಲ್ಲವನ್ನೂ ದ್ರವವನ್ನಾಗಿ ಮಾಡುತ್ತವೆ. ಡೆನ್ಮಾರ್ಕ್, ನಾರ್ವೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ವಿಧಾನದಿಂದ ಒಳ್ಳೆಯ ಪಶು ಆಹಾರ ದೊರೆಯುತ್ತದೆ. ಬಾಯ್ಲರು ಬೇಡ, ಚಿಮಣಿ ಬೇಡ. ಸಣ್ಣ ಸಹಕಾರ ಸಂಘವೂ ಕೈಗೊಳ್ಳಬಹುದಾದ ಉದ್ಯೋಗವಿದು.

ಮಾಡಬೇಕಾದುದೇನು?

ಮೊದಲನೆಯದಾಗಿ, ಮೀನಿನ ಆಹಾರದ ಚೀಲದ ಮೇಲೆ ಕಚ್ಚಾ ಸಸಾರಜನಕದ ಜೊತೆಗೆ ಜೀರ್ಣವಾಗುವ ಸಸಾರಜನಕವೆಷ್ಟು, ಯಾವ ಜಾತಿಯ ಮೀನಿನಲ್ಲಿ ಅಳೆದದ್ದು ಎಂಬುದನ್ನು ಮುದ್ರಿಸುವುದು ಕಡ್ಡಾಯವಾಗಬೇಕು. ರೋಹುವಿನ ಲೆಕ್ಕ ಕೊರಮೀನಿಗೆ ಸಲ್ಲದು.

ಎರಡನೆಯದಾಗಿ, ನಮ್ಮ ಬ್ಯಾಂಕುಗಳು. 2018-19ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯ ಮೀನು ಸಾಕುವವರಿಗೂ ವಿಸ್ತಾರಗೊಂಡಿತು. 2020ರಲ್ಲಿ ಇಪ್ಪತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಮತ್ಸ್ಯಸಂಪದ ಯೋಜನೆ ಆರಂಭವಾಯಿತು. ಹಣದ ಹೊಳೆ ಹರಿದಿದೆ. ಆದರೆ ಹೆಕ್ಟೇರಿಗೆ ಇಂತಿಷ್ಟು ಎಂದು ಅಳತೆ ಹಾಕಿ ಸಾಲ ಕೊಡುವ ನಾವು, ಯಾವ ಮೀನಿಗೆ ಯಾವ ಆಹಾರ, ಯಾವ ಋತುವಿನಲ್ಲಿ ಎಷ್ಟು ಎಂಬ ಪ್ರಶ್ನೆಯನ್ನೂ ಅರ್ಜಿಯಲ್ಲಿ ಸೇರಿಸಬೇಕು. ಸಾಲ ವಸೂಲಾಗದೆ ಹೋದಾಗ ಸಾಕಣೆಗಾರನ ಪ್ರಾಮಾಣಿಕತೆಯನ್ನು ಸಂಶಯಿಸುವುದಕ್ಕೆ ಮೊದಲು ಅವನ ಕೊಳದ ತಳವನ್ನು ನೋಡಬೇಕು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು ದೇಶದಲ್ಲಿಯೇ ಈ ಬಗೆಯ ಮೊದಲನೆಯದು. ಮುಂಬಯಿಯ ವರ್ಸೋವಾದಲ್ಲಿ 1961ರಿಂದ ಕೇಂದ್ರ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಅಲ್ಲಿ ಕಲಿತ ತರುಣರ ಅಭಿಪ್ರಾಯವನ್ನು ಸಾಲ ಮಂಜೂರಾತಿಯ ಮೊದಲೇ ಪಡೆಯುವುದು ಕಷ್ಟವಲ್ಲ.

ಮೂರನೆಯದಾಗಿ, ನಗರವಾಸಿಗಳಾದ ನಾವು. ಊರಿನಲ್ಲಿ ಬೂತಾಯಿ, ಬಂಗುಡೆಗಳಲ್ಲಿ ಬೆಳೆದವರು ಸಂಬಳ ಹೆಚ್ಚಿದಂತೆ ಪಾಪ್ಲೇಟು, ಸುರ್ಮಾಯಿಗಳ ಕಡೆಗೆ ವಾಲುತ್ತೇವೆ. ಬೂತಾಯಿ ಕೊಂಡರೆ ನೆರೆಯವರೇನೆಂದಾರೆಂಬ ಸಂಕೋಚವೂ ಕೆಲವರಲ್ಲಿದೆ. ಸಸಾರಜನಕದಲ್ಲಾಗಲಿ ಹಿತಕರವಾದ ಎಣ್ಣೆಯಲ್ಲಾಗಲಿ ಬೂತಾಯಿ ಯಾವ ದುಬಾರಿ ಮೀನಿಗೂ ತಲೆಬಾಗಬೇಕಾಗಿಲ್ಲ. ಮೀನಿನ ಮಾಂಸದಲ್ಲಿ ಗಟ್ಟಿ ನಾರು ಕಡಮೆಯಿರುವುದರಿಂದ ವೃದ್ಧರಿಗೂ ಕಾಯಿಲೆಯಿಂದೆದ್ದವರಿಗೂ ಸುಲಭವಾಗಿ ಅರಗುತ್ತದೆ. ನಗರದಲ್ಲಿ ಅದಕ್ಕೆ ಬೇಡಿಕೆ ಹುಟ್ಟಿದರೆ, ಬಂದರಿನಲ್ಲಿ ಮೀನುಗಾರನಿಗೆ ಕಾರ್ಖಾನೆಯ ದರಕ್ಕಿಂತ ಮೇಲಾದ ದರ ಸಿಗುವುದು.

ಕೊಳ್ಳುವಾಗ ಎಚ್ಚರಿಕೆ ಬೇಕು. ಕಣ್ಣು ತುಂಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಹೊಟ್ಟೆ ಒಡೆದಿರಬಾರದು. ಮನೆಗೆ ತಂದ ಕೂಡಲೇ ಕರುಳು ತೆಗೆದು ತೊಳೆದು ತಣ್ಣಗಿಡಬೇಕು. ಬೂತಾಯಿ, ಬಂಗುಡೆಗಳನ್ನು ಬಿಸಿಯಲ್ಲಿ ಹೊತ್ತುಗಟ್ಟಲೆ ಇಟ್ಟರೆ ಬ್ಯಾಕ್ಟೀರಿಯಗಳಿಂದ ಹಿಸ್ಟಮಿನ್ ಎಂಬ ವಸ್ತು ಉತ್ಪನ್ನವಾಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ ಬರುತ್ತವೆ. ಅನೇಕರು ಇದನ್ನು ಮೀನು ಒಗ್ಗದಿರುವುದೆಂದು ತಪ್ಪಾಗಿ ತಿಳಿಯುತ್ತಾರೆ. ಸಂಧಿವಾತದ ಒಂದು ಬಗೆಯಾದ ಗೌಟ್ ಇರುವವರು ಬೂತಾಯಿಯನ್ನೂ, ರಕ್ತದೊತ್ತಡವುಳ್ಳವರು ಉಪ್ಪುಮೀನನ್ನೂ ವೈದ್ಯರ ಸಲಹೆಯ ಮೇರೆಗೇ ತಿನ್ನತಕ್ಕದ್ದು.

ನಮ್ಮ ಕರಾವಳಿ ದೇಶಕ್ಕೆ ಬ್ಯಾಂಕುಗಳನ್ನೂ ಕೊಟ್ಟಿದೆ, ಮೀನನ್ನೂ ಕೊಟ್ಟಿದೆ. ಇವೆರಡೂ ಒಂದೇ ತೀರದ ಮಕ್ಕಳಾಗಿದ್ದೂ ಪರಸ್ಪರ ಪರಿಚಯವಿಲ್ಲದವರಂತೆ ನಡೆದುಕೊಳ್ಳುವುದು ಸರಿಯಲ್ಲ. ಸಾಲ ಕೊಡುವವನು ಮೀನಿನ ಕರುಳನ್ನು ತಿಳಿಯಲಿ, ಮೀನು ಸಾಕುವವನು ಚೀಲದ ಅಂಕಿಯನ್ನು ಪ್ರಶ್ನಿಸಲಿ, ಮೀನು ತಿನ್ನುವವರು ವಾರಕ್ಕೊಮ್ಮೆಯಾದರೂ ಬೂತಾಯಿಯನ್ನು ಸಂಕೋಚವಿಲ್ಲದೆ ಮನೆಗೆ ತರಲಿ. ಈ ಮೂರನೆಯ ಕೆಲಸಕ್ಕೆ ಸರಕಾರದ ಆಜ್ಞೆಯೂ ಬೇಕಾಗಿಲ್ಲ, ಬ್ಯಾಂಕಿನ ಮಂಜೂರಾತಿಯೂ ಬೇಕಾಗಿಲ್ಲ. ಮುಂದಿನ ಭಾನುವಾರದ ಮಾರುಕಟ್ಟೆಯಲ್ಲಿಯೇ ಅದನ್ನು ಆರಂಭಿಸಬಹುದು.